ಸೆಕೆಂಡ್‌ಹ್ಯಾಂಡ್ ಟಿಪ್‌ಮನ್ 98 ಕಸ್ಟಮ್: ಒಮ್ಮೆ ಟ್ರಿಗರ್ ಎಳೆದರೆ ಐದಾರು ಸಲ ಹೊಡೆಯುತ್ತೆ, ಆಮೇಲೆ ಸುಮ್ಮನಾಗುತ್ತೆ

ಹೊಸಬ_ಮಿಚಿಗನ್

ಎಲ್ಲರಿಗೂ ನಮಸ್ಕಾರ. ಕೈ ಬದಲಾಗಿ ಬಂದ ಟಿಪ್‌ಮನ್ 98 ಕಸ್ಟಮ್ ಪೇಂಟ್‌ಬಾಲ್ ಮಾರ್ಕರ್ (ಬಣ್ಣ ತುಂಬಿದ ಬಾಲ್ ಹಾರಿಸುವ ಆಟದ ಬಂದೂಕು) ನನ್ನ ಹತ್ತಿರ ಇದೆ. ಜೊತೆಗೆ 20 ಔನ್ಸ್ ಸಿಒ2 ಸಿಲಿಂಡರ್, 48/3000 ಏರ್ ಬಾಟಲಿ (48 ಘನ ಇಂಚು ಗಾತ್ರ, 3,000 ಪಿಎಸ್‌ಐ, ಅಂದರೆ ಚದರ ಇಂಚಿಗೆ 3,000 ಪೌಂಡ್ ಒತ್ತಡ), ಬ್ಯಾಟರಿ ಇಲ್ಲದ ಸಾದಾ ಹಾಪರ್ (ಬಾಲ್ ತುಂಬುವ ಡಬ್ಬ).

ಏರ್ ಬಾಟಲಿ ಹಾಕಿದಾಗ: ಒಂದು ಸಲ ಟ್ರಿಗರ್ ಎಳೆದರೆ ಟಟಟಟ ಅಂತ ಐದಾರು ಸಲ ಹೊಡೆಯುತ್ತೆ, ಬಾಲ್‌ಗಳು ಹತ್ತಡಿ ದೂರದಲ್ಲೇ ಬೀಳುತ್ತವೆ. ಆಮೇಲೆ ಬೋಲ್ಟ್ (ಒಳಗೆ ಹಿಂದೆ ಮುಂದೆ ಓಡುವ ಲೋಹದ ತುಂಡು) ಮುಂದೆ ಉಳಿದುಬಿಡುತ್ತೆ, ಮತ್ತೆ ಕೈಯಿಂದಲೇ ಕಾಕ್ ಮಾಡಬೇಕು, ಅಂದರೆ ಹಿಂದಕ್ಕೆ ಎಳೆದು ಸಿಕ್ಕಿಸಬೇಕು. ಸಿಒ2 ಹಾಕಿದಾಗ: ಮೊದಲ ಎರಡು ಮೂರು ಶಾಟ್ ಸರಿಯಾಗಿವೆ, ನಂತರ ಅದೇ ಕಥೆ. ಗ್ಯಾರೇಜಿನಲ್ಲಿ ಸುಮಾರು 8 ಡಿಗ್ರಿ ಚಳಿ. ಹತ್ತರಲ್ಲಿ ಒಂದು ಬಾಲ್ ಒಳಗೇ ಒಡೆಯುತ್ತೆ.

ಮಾರಿದವರು ಹೇಳಿದ್ದು ಇಷ್ಟು: ಸ್ಪ್ರಿಂಗ್ ಸೋತಿದೆ, ಗಟ್ಟಿ ಸ್ಪ್ರಿಂಗ್ ಹಾಕಿದರೆ ಸರಿಹೋಗುತ್ತೆ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದೇ ಇಟ್ಟಿದ್ದೆ. ಸ್ಪ್ರಿಂಗ್ ಕಿಟ್ ತರಿಸಲಾ?

ಬೆಂಚ್‌ವೈಸ್

ತರಿಸಬೇಡಿ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಈ ತೊಂದರೆ ಹೆಚ್ಚುತ್ತೆ. ಯಾಕೆ ಅನ್ನೋದು ಅರ್ಥವಾಗಬೇಕಾದರೆ ಒಂದು ಶಾಟ್‌ನಲ್ಲಿ ಒಳಗೆ ಏನು ನಡೆಯುತ್ತೆ ನೋಡಿ.

98 ಬ್ಲೋಬ್ಯಾಕ್ ಮಾರ್ಕರ್. ಒಳಗೆ ಎರಡು ಬೋಲ್ಟ್ ಇವೆ, ಅವನ್ನು ಜೋಡಿಸುವ ಒಂದು ಕಡ್ಡಿ ಇದೆ (ಲಿಂಕೇಜ್ ಆರ್ಮ್). ಕಾಕ್ ಮಾಡಿದಾಗ ಹಿಂದಿನ ಬೋಲ್ಟ್ ಡ್ರೈವ್ ಸ್ಪ್ರಿಂಗನ್ನು ಒತ್ತಿಕೊಂಡು ಸಿಯರ್ ಎಂಬ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತೆ. ಮಲೆನಾಡಿನ ಕೋವಿಯಲ್ಲಿ ಕುದುರೆ ಅಂತಾರಲ್ಲ, ಅದರ ಕೆಲಸ ಇಲ್ಲಿ ಹಿಂದಿನ ಬೋಲ್ಟ್‌ದು. ಟ್ರಿಗರ್ ಎಳೆದಾಗ ಸಿಯರ್ ಬಿಡುತ್ತೆ, ಸ್ಪ್ರಿಂಗ್ ಹಿಂದಿನ ಬೋಲ್ಟನ್ನು ಮುಂದಕ್ಕೆ ನೂಕುತ್ತೆ, ಕಡ್ಡಿಯ ಮೂಲಕ ಮುಂದಿನ ಬೋಲ್ಟ್ ಬಾಲನ್ನು ಬ್ಯಾರೆಲ್‌ಗೆ ತಳ್ಳುತ್ತೆ, ಹಿಂದಿನ ಬೋಲ್ಟ್ ಹೋಗಿ ವಾಲ್ವ್ ಪಿನ್ನಿಗೆ ಬಡಿಯುತ್ತೆ. ವಾಲ್ವ್ ತೆರೆದಾಗ ಗ್ಯಾಸ್ ಎರಡು ಕಡೆ ಹೋಗುತ್ತೆ. ಒಂದು ಪಾಲು ಮುಂದಕ್ಕೆ, ಬಾಲನ್ನು ಹಾರಿಸಲು. ಇನ್ನೊಂದು ಪಾಲು ಹಿಂದಕ್ಕೆ, ಹಿಂದಿನ ಬೋಲ್ಟನ್ನು ಮತ್ತೆ ಸಿಯರ್‌ವರೆಗೆ ತಳ್ಳಲು.

ಆ ಹಿಂದಿನ ಪಾಲು ಸಾಲದೆ ಹೋದರೆ ಬೋಲ್ಟ್ ಸಿಯರ್ ತಲುಪುವ ಮೊದಲೇ ನಿಂತು, ಸ್ಪ್ರಿಂಗ್ ಬಲದಿಂದ ವಾಪಸ್ ಮುಂದೆ ಬಂದು ವಾಲ್ವಿಗೆ ಮತ್ತೆ ಬಡಿಯುತ್ತೆ. ಮತ್ತೆ ಅರ್ಧ ಹಿಂದೆ, ಮತ್ತೆ ಬಡಿತ. ನೀವು ಕೇಳುತ್ತಿರುವ ಟಟಟಟ ಇದೇ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಹಿಂದಕ್ಕೆ ತಳ್ಳಲು ಹೆಚ್ಚು ಗ್ಯಾಸ್ ಬೇಕು, ನಿಮ್ಮಲ್ಲಿ ಕೊರತೆ ಇರುವುದೇ ಅಲ್ಲಿ.

ಹಾಗಾಗಿ ಕಾರಣ ಮೂರೇ ಜಾಗದಲ್ಲಿ ಇರಬಹುದು: ಗ್ಯಾಸ್ ಒತ್ತಡ ಸಾಲುತ್ತಿಲ್ಲ, ಬಂದ ಗ್ಯಾಸ್ ಸೋರುತ್ತಿದೆ ಅಥವಾ ಬೋಲ್ಟ್ ಉಜ್ಜಿಕೊಂಡು ಅದರ ಬಲ ತಿನ್ನುತ್ತಿದೆ, ಬೋಲ್ಟ್ ಸರಿಯಾಗಿ ಹಿಂದೆ ಬಂದರೂ ಸಿಯರ್ ಹಿಡಿಯುತ್ತಿಲ್ಲ. ಇದೇ ಕ್ರಮದಲ್ಲಿ ನೋಡಿ. ಮೊದಲಿನದಕ್ಕೆ ಮಾರ್ಕರ್ ಬಿಚ್ಚಬೇಕಾಗಿಲ್ಲ.

ಏರ್ ಬಾಟಲಿಯ ರೆಗ್ಯುಲೇಟರ್ ಮೇಲೆ ಏನು ಬರೆದಿದೆ? ಬಾಟಲಿಯ ಪರೀಕ್ಷೆ ತಾರೀಕು ಏನಿದೆ? ಇವೆರಡು ತಿಳಿಸಿ.

ಧಾರವಾಡದಾಕಿ

ಬೆಂಚ್‌ವೈಸ್ ಅವರು ಹೇಳಿದ್ದು ಖರೇ ಐತಿ. ಒತ್ತಡದ ಲೆಕ್ಕ ನಾನು ಕೊಡ್ತೀನಿ.

ಸಿಒ2 ಸಿಲಿಂಡರ್‌ನ್ಯಾಗ ದ್ರವ ಇರ್ತೈತಿ, ಅದರ ಮ್ಯಾಲೆ ಆವಿ. ಒತ್ತಡ ಅನ್ನೂದು ಎಷ್ಟು ತುಂಬಸೀರಿ ಅನ್ನೂದರ ಮ್ಯಾಲೆ ಅಲ್ಲ, ಎಷ್ಟು ಬಿಸಿ ಐತಿ ಅನ್ನೂದರ ಮ್ಯಾಲೆ ನಿಂತೈತಿ. 20 ಡಿಗ್ರಿಗೆ ಸುಮಾರು 830 ಪಿಎಸ್‌ಐ. 10 ಡಿಗ್ರಿಗೆ 650. ಸೊನ್ನೆಗೆ 500ರ ಆಸುಪಾಸು. 30 ಡಿಗ್ರಿಗೆ 1,045. ನಿಮ್ಮ 8 ಡಿಗ್ರಿ ಗ್ಯಾರೇಜಿನ್ಯಾಗ 620 ಸಿಕ್ಕರ ಹೆಚ್ಚು. ಮತ್ತ ಒಂದೊಂದು ಶಾಟ್ ಹೊಡದಾಗೂ ದ್ರವ ಆವಿ ಆಗಾಕ ಸಿಲಿಂಡರ್‌ನ ಬಿಸಿ ತಗೊಂತೈತಿ, ಸಿಲಿಂಡರ್ ಇನ್ನಷ್ಟು ತಣ್ಣಗಾಗ್ತೈತಿ. ಮೊದಲ ಎರಡು ಮೂರು ಶಾಟ್ ಛಲೋ ಬಂದು ಆಮ್ಯಾಲೆ ಸೋತು ಹೋಗೂದಕ್ಕ ಇದೂ ಒಂದು ಕಾರಣ ಇರಬಹುದು. ಸಿಲಿಂಡರನ್ನ ಒಂದು ತಾಸು ಮನಿಯೊಳಗ 20 ಡಿಗ್ರಿಯೊಳಗ ಇಟ್ಟು ಮತ್ತ ಹೊಡದು ನೋಡ್ರಿ. ಬಿಸಿನೀರು, ಹೀಟರ್, ಒಲಿ ಹತ್ತರ ಮಾತ್ರ ಒಯ್ಯಬ್ಯಾಡ್ರಿ. 31 ಡಿಗ್ರಿ ದಾಟಿದ ಮ್ಯಾಲೆ ದ್ರವ ಅನ್ನೂದೇ ಉಳಿಯೂದಿಲ್ಲ, ಪೂರ್ತಿ ತುಂಬಿದ ಸಿಲಿಂಡರ್‌ನ ಒತ್ತಡ ಭಾಳ ಜೋರಾಗಿ ಏರ್ತೈತಿ. ಸುರಕ್ಷತಾ ಡಿಸ್ಕ್ ಒಡದು ಗ್ಯಾಸ್ ಹೊರಗ ಹೋಗಾಕ ಅಂತನೇ ಇಟ್ಟಿರ್ತಾರ, ಆದ್ರ ಅದನ್ನ ಪರೀಕ್ಷೆ ಮಾಡಬಾರದು.

ಏರ್ ಬಾಟಲಿದು ಬ್ಯಾರೆ. ಬಾಟಲಿಯೊಳಗ 3,000 ಪಿಎಸ್‌ಐ ಇರ್ತೈತಿ, ರೆಗ್ಯುಲೇಟರ್ ಅದನ್ನ ಇಳಿಸಿ ಹೊರಗ ಕೊಡ್ತೈತಿ. ಮೀಟರ್ ತೋರಸೂದು ಬಾಟಲಿಯ ಒಳಗಿನ ಒತ್ತಡ, ಮಾರ್ಕರ್‌ಗೆ ಬರೂದಲ್ಲ. ಇಲ್ಲೇ ಭಾಳ ಮಂದಿ ಮೋಸ ಹೋಗ್ತಾರ. ಸಾಮಾನ್ಯ ರೆಗ್ಯುಲೇಟರ್ 800ರಿಂದ 850 ಕೊಡ್ತೈತಿ, 98ಕ್ಕ ಬೇಕಾದ್ದು ಅದು. ಎಲೆಕ್ಟ್ರಾನಿಕ್ ಮಾರ್ಕರ್‌ಗೆ ಅಂತ ಬರೂ ಕಡಿಮೆ ಒತ್ತಡದ್ದು 450 ಅಷ್ಟೇ ಕೊಡ್ತೈತಿ. ಅದನ್ನ 98ಕ್ಕ ಹಚ್ಚಿದ್ರ ನೀವು ಬರದಂಗನ ಆಗ್ತೈತಿ, ಮೀಟರ್ ಮಾತ್ರ 3,000 ತೋರಸ್ತಿರ್ತೈತಿ.

ಹೊಸಬ_ಮಿಚಿಗನ್

ರೆಗ್ಯುಲೇಟರ್ ಅಡಿಯಲ್ಲಿ ಸವೆದ ಸ್ಟಿಕ್ಕರ್ ಇದೆ, ಲೈಟ್ ಹಿಡಿದು ನೋಡಿದರೆ 450 ಅಂತ ಕಾಣುತ್ತೆ. ಬಾಟಲಿಯ ಭುಜದ ಮೇಲೆ ಒತ್ತಿದ ತಿಂಗಳು-ವರ್ಷದ ಪ್ರಕಾರ ಆರು ವರ್ಷ ದಾಟಿದೆ.

ಬೆಂಚ್‌ವೈಸ್

ಹಾಗಾದರೆ ಏರ್ ಬಾಟಲಿಯ ಪ್ರಶ್ನೆ ಮುಗಿಯಿತು. 450ರಲ್ಲಿ ಈ ಮಾರ್ಕರ್ ಓಡೋದೇ ಇಲ್ಲ, ಮಾರ್ಕರ್‌ನ ತಪ್ಪಲ್ಲ. ಇನ್ನು, ಅಮೆರಿಕದಲ್ಲಿ ಈ ಗಾತ್ರದ ಬಾಟಲಿಗೆ 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಲೇಬೇಕು, ಅವಧಿ ಮೀರಿದ್ದನ್ನು ತುಂಬಿಸುವಂತಿಲ್ಲ. ಒಳಗಿರುವ ಗಾಳಿಯನ್ನು ನಿಧಾನವಾಗಿ ಖಾಲಿ ಮಾಡಿ ಪಕ್ಕಕ್ಕಿಡಿ. ಮರುಪರೀಕ್ಷೆಯ ಖರ್ಚು ಮತ್ತು 800ರ ಹೊಸ ರೆಗ್ಯುಲೇಟರ್‌ನ ಬೆಲೆ ಕೂಡಿಸಿದರೆ ಹೊಸ ಅಲ್ಯೂಮಿನಿಯಂ 48/3000 ಬಾಟಲಿಯೇ ಲೇಸು.

ಏರ್ ಬಾಟಲಿಯ ತುಂಬಿಸುವ ಮೂತಿಗೆ ಎಣ್ಣೆ ಅಥವಾ ಗ್ರೀಸ್ ಎಂದೂ ಹಾಕಬೇಡಿ. 3,000 ಪಿಎಸ್‌ಐ ಗಾಳಿ ಒಮ್ಮೆಲೇ ನುಗ್ಗಿದಾಗ ಬಿಸಿಯಾಗುತ್ತೆ, ಎಣ್ಣೆ ಹೊತ್ತಿಕೊಳ್ಳಬಹುದು. ಡೀಸೆಲ್ ಎಂಜಿನ್ ಓಡೋದು ಇದೇ ತತ್ವದಿಂದ.

ಈಗ ಸಿಒ2 ಕಡೆ ಬನ್ನಿ. ಬೆಚ್ಚಗಿಟ್ಟ ಮೇಲೂ ತೊಂದರೆ ಇದ್ದರೆ ಮಾತ್ರ ಬಿಚ್ಚೋದು.

ಪೀಣ್ಯ_ಟರ್ನರ್

ಬಿಚ್ಚೋ ಮುಂಚೆ ಇನ್ನೊಂದು ನೋಡಿಬಿಡಿ. ಒಂದೊಂದೇ ಶಾಟ್ ನಿಧಾನಕ್ಕೆ, ಹತ್ತು ಸೆಕೆಂಡ್ ಬಿಟ್ಟು ಬಿಟ್ಟು ಹೊಡೆದರೆ ಎಲ್ಲವೂ ಸರಿ ಬಂದು, ಬೇಗ ಬೇಗ ಹೊಡೆದಾಗ ಮಾತ್ರ ಸೋಲುತ್ತಾ? ಹಾಗಿದ್ದರೆ ಒತ್ತಡ ಇದೆ, ಹರಿವು ಇಲ್ಲ. ಸಿಲಿಂಡರ್ ಬಾಯಲ್ಲಿರುವ ಪಿನ್ ಪೂರ್ತಿ ಒತ್ತಿಲ್ಲದಿದ್ದರೆ ಹೀಗಾಗುತ್ತೆ. ಸಿಲಿಂಡರ್ ಇನ್ನೂ ಅರ್ಧ ಸುತ್ತು ಹೋಗಬೇಕಿರಬಹುದು, ಅಥವಾ ಪಿನ್ ಸವೆದು ಗಿಡ್ಡವಾಗಿರಬಹುದು. ಗ್ಯಾಸ್ ಲೈನ್‌ನಲ್ಲಿ ಕಸ ಕೂತಿದ್ದರೂ ಅದೇ ಲಕ್ಷಣ. ನಿಧಾನಕ್ಕೆ ಹೊಡೆದರೂ ಸೋತರೆ ಓ-ರಿಂಗ್ (ಗ್ಯಾಸ್ ಸೋರದಂತೆ ತಡೆಯೋ ರಬ್ಬರ್ ಬಳೆ) ಅಥವಾ ಸಿಯರ್.

ಸಿಲಿಂಡರ್ ಬಾಯಿಯ ಓ-ರಿಂಗ್ ಬಗ್ಗೆ ಒಂದು ಮಾತು, ಊರಲ್ಲಿ ಇರುವವರಿಗೂ ಉಪಯೋಗವಾಗುತ್ತೆ. ಅದರ ನಂಬರ್ 015. ಒಳ ವ್ಯಾಸ 14 ಮಿ.ಮೀ., ದಪ್ಪ 1.78 ಮಿ.ಮೀ. ಪೀಣ್ಯದಲ್ಲಿ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಗೆ ಹೋಗಿ ಪಾಲಿಯುರಿಥೇನ್, 90 ಶೋರ್ ಗಡಸುತನ ಅಂತ ಕೇಳಿ. ಪಂಪ್‌ಸೆಟ್ ಅಂಗಡಿಯ ಮೆತ್ತನೆ ಕಪ್ಪು ನೈಟ್ರೈಲ್ ರಿಂಗ್ ಹಾಕಬೇಡಿ. ಸಿಒ2 ಆ ರಬ್ಬರ್ ಒಳಕ್ಕೆ ಇಂಗುತ್ತೆ, ಸಿಲಿಂಡರ್ ತೆಗೆದ ತಕ್ಷಣ ಒತ್ತಡ ಇಳಿದು ರಿಂಗ್ ಪೂರಿ ಥರ ಊದಿ ಬಿರಿಯುತ್ತೆ. ಒಂದೆರಡು ಸಲಕ್ಕೇ ಹಾಳು.

ತುಕ್ಕು ಸ್ಪ್ರೇ ವಿಷಯ ಓದಿ ನನಗೆ ಅನುಮಾನ ಬಂದಿದ್ದೇ ಹಿಂದಿನ ಬೋಲ್ಟ್‌ನ ಓ-ರಿಂಗ್ ಮೇಲೆ. ಆ ಸ್ಪ್ರೇನಲ್ಲಿರೋ ದ್ರಾವಕ ಒಳಗಿದ್ದ ಎಣ್ಣೆಯನ್ನ ತೊಳೆದುಬಿಡುತ್ತೆ, ಆಮೇಲೆ ತಾನೂ ಆವಿಯಾಗಿ ಅಂಟಂಟು ಪದರ ಬಿಡುತ್ತೆ. ಕೆಲವು ಬಗೆ ರಬ್ಬರ್ ಅದರಿಂದ ಊದುತ್ತೆ ಕೂಡ. ಹಿಂದಿನ ಬೋಲ್ಟ್ ಪವರ್ ಟ್ಯೂಬ್ (ವಾಲ್ವ್ ಕೂತಿರೋ ಕೊಳವೆ) ಒಳಗೆ ಓಡಾಡೋದು ಆ ರಿಂಗ್ ಮೇಲೇ. ಸವೆದಿದ್ದರೆ ಹಿಂದಕ್ಕೆ ತಳ್ಳಬೇಕಾದ ಗ್ಯಾಸ್ ಪಕ್ಕದಲ್ಲಿ ಸೋರಿಹೋಗುತ್ತೆ, ಊದಿದ್ದರೆ ಉಜ್ಜಿ ಹಿಡಿಯುತ್ತೆ. ಎರಡಕ್ಕೂ ಕೊನೆಯ ಫಲ ನಿಮ್ಮ ಟಟಟಟ.

ಗ್ಯಾಸ್ ಇಲ್ಲದೆ, ಹಾಪರ್ ಇಲ್ಲದೆ ಕಾಕ್ ಮಾಡಿ. ಹಿಡಿಕೆಯನ್ನ ಬಿಡದೆ ಟ್ರಿಗರ್ ಒತ್ತಿ ನಿಧಾನವಾಗಿ ಮುಂದಕ್ಕೆ ಬಿಡಿ. ಸ್ಪ್ರಿಂಗ್ ಬಲ ಒಂದೇ ಸಮ ಕೈಗೆ ತಿಳಿಯಬೇಕು, ಕೊನೆಯಲ್ಲಿ ರಿಂಗ್ ಟ್ಯೂಬಿಗೆ ಹೊಕ್ಕಾಗ ಸ್ವಲ್ಪ ಬಿಗಿ ಸಿಗಬೇಕು. ಬಿಗಿಯೇ ಇಲ್ಲದಿದ್ದರೆ ಸವೆದಿದೆ. ಅಲ್ಲೇ ನಿಂತುಬಿಟ್ಟರೆ ಊದಿದೆ.

ಹೊಸಬ_ಮಿಚಿಗನ್

ಸಿಲಿಂಡರನ್ನು ಒಂದು ಗಂಟೆ ಮನೆಯೊಳಗೆ ಇಟ್ಟು ನೋಡಿದೆ. ಈಗ ಎಂಟು ಹತ್ತು ಶಾಟ್‌ವರೆಗೂ ಸರಿ, ಆಮೇಲೆ ಮತ್ತೆ ಎರಡೆರಡು ಸಲ ಹೊಡೆಯುತ್ತೆ. ನಿಧಾನಕ್ಕೆ ಹೊಡೆದರೂ ಹಾಗೇ. ಕೈ ಪರೀಕ್ಷೆಯಲ್ಲಿ ಹಿಡಿಕೆ ಕೊನೆಯ ಅರ್ಧ ಇಂಚಿನಲ್ಲಿ ನಿಂತುಬಿಡುತ್ತೆ, ಬೆರಳಲ್ಲಿ ನೂಕಬೇಕು.

ರೆಸಾರ್ಟ್_ತಂತ್ರಜ್ಞ

ನಿಂತುಬಿಡುತ್ತೆ ಅಂದ್ರೆ ರಿಂಗೇ ಸರ್. ಆದ್ರೂ ಬಿಚ್ಚಿದಾಗ ಸಿಯರ್ ನೋಡದೆ ಮುಚ್ಚಬೇಡಿ. ಬಾಡಿಗೆಗೆ ಓಡೋ ಮಾರ್ಕರ್‌ಗಳಲ್ಲಿ ಮೊದಲು ಸವೆಯೋದು ಮೂರು: ಸಿಲಿಂಡರ್ ರಿಂಗ್, ಬಾಲ್ ಲ್ಯಾಚ್, ಸಿಯರ್. ಸೆಕೆಂಡ್‌ಹ್ಯಾಂಡ್ 98 ಎಷ್ಟೋ ಸಲ ಯಾವುದೋ ಮೈದಾನದಿಂದ ಬಂದದ್ದೇ ಆಗಿರುತ್ತೆ.

ಸಿಯರ್ ಅಂಚು ಚೂಪಾಗಿ, ನೇರವಾಗಿ ಇರಬೇಕು. ದುಂಡಗಾಗಿ ಹೊಳೀತಿದ್ರೆ ಬೋಲ್ಟ್ ಜಾರುತ್ತೆ. ಬೋಲ್ಟ್ ಮೇಲೆ ಅದು ಸಿಕ್ಕೋ ತುಟಿಯನ್ನೂ ಉಗುರಲ್ಲಿ ಗೀರಿ ನೋಡಿ. ಬಿಚ್ಚದೆ ಮಾಡೋ ಪರೀಕ್ಷೆ ಅಂದ್ರೆ, ಗ್ಯಾಸ್ ಇಲ್ಲದೆ ಕಾಕ್ ಮಾಡಿ ಮಾರ್ಕರ್ ಹಿಂಭಾಗಕ್ಕೆ ಅಂಗೈಯಿಂದ ನಾಲ್ಕೈದು ಸಲ ತಟ್ಟಿ. ತಾನಾಗಿ ಬಿಟ್ಟುಕೊಂಡ್ರೆ ಸಿಯರ್ ಹೋಯ್ತು ಅಂತ. ಸಿಯರ್‌ನ ಪುಟ್ಟ ಸ್ಪ್ರಿಂಗ್ ಚಪ್ಪಟೆ ಆಗಿದ್ರೂ ಅದೇ ಗತಿ, ಅದನ್ನ ಜೊತೆಗೇ ಬದಲಿಸಿ.

ಕ್ರೋನೋ_285

ಸಿಯರ್ ಸ್ವಲ್ಪ ದುಂಡಗಾಗಿದ್ದರೆ ಅರದಿಂದ ತಿದ್ದಿ ಅಂಚು ಎಬ್ಬಿಸಬಹುದಲ್ಲ? ಹೊಸದಕ್ಕೆ ಕಾಯುವ ಬದಲು.

ರೆಸಾರ್ಟ್_ತಂತ್ರಜ್ಞ

ಬೇಡ ಸರ್, ಇದೊಂದು ವಿಷಯದಲ್ಲಿ ನಾನು ಒಪ್ಪಲ್ಲ. ಗಟ್ಟಿ ಇರೋದು ಮೇಲ್ಮೈ ಮಾತ್ರ, ಅರ ಹಾಕಿದ್ರೆ ಒಳಗಿನ ಮೆತ್ತನೆ ಲೋಹ ಹೊರಗೆ ಬರುತ್ತೆ, ಇನ್ನೂ ಬೇಗ ಸವೆಯುತ್ತೆ. ಕೋನ ಒಂದು ಡಿಗ್ರಿ ತಪ್ಪಿದ್ರೂ ಟ್ರಿಗರ್ ಮುಟ್ಟದೆ ಹೊಡೆಯೋ ಮಾರ್ಕರ್ ಆಗುತ್ತೆ. ಪಕ್ಕದಲ್ಲಿ ನಿಂತವರು ರಕ್ಷಣಾ ಕನ್ನಡಕ ತೆಗೆದಿರೋ ಹೊತ್ತಲ್ಲಿ ಅದು ಹೊಡೆದ್ರೆ ಕಣ್ಣು ಹೋಗುತ್ತೆ. ಸಿಯರ್ ದುಬಾರಿ ಭಾಗ ಅಲ್ಲ, ಬದಲಿಸಿ.

ಕ್ರೋನೋ_285

ಸರಿ, ಒಪ್ಪಿದೆ. ಟ್ರಿಗರ್ ಮುಟ್ಟದೆ ಹೊಡೆಯುವ ಅಪಾಯ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬೆಂಚ್‌ವೈಸ್

ಬಿಚ್ಚುವ ಕ್ರಮ ಬರೆಯುತ್ತೇನೆ. ರಕ್ಷಣಾ ಕನ್ನಡಕ ಹಾಕಿಕೊಂಡೇ ಶುರುಮಾಡಿ, ಬ್ಯಾರೆಲ್ ಚೀಲ (ತಪ್ಪಿ ಹಾರಿದ ಬಾಲ್ ತಡೆಯಲು ಬ್ಯಾರೆಲ್ ಮೂತಿಗೆ ಹಾಕುವ ಚೀಲ) ಹಾಕಿರಲಿ. ಮೊದಲು ಹಾಪರ್ ತೆಗೆಯಿರಿ. ನಂತರ ಸಿಲಿಂಡರನ್ನು ಪಿನ್ ಮುಚ್ಚುವಷ್ಟು ತಿರುಗಿಸಿ, ಬ್ಯಾರೆಲ್ ಚೀಲ ತೆಗೆದು ಸುರಕ್ಷಿತ ದಿಕ್ಕಿಗೆ ಹೊಡೆದು ಒಳಗೆ ಉಳಿದ ಗ್ಯಾಸ್ ಖಾಲಿ ಮಾಡಿ, ಆಮೇಲೆ ಸಿಲಿಂಡರ್ ಪೂರ್ತಿ ತೆಗೆಯಿರಿ. ಈ ಕ್ರಮ ತಪ್ಪಿಸಿ ಸಿಲಿಂಡರ್ ಒಮ್ಮೆಲೇ ತಿರುಗಿಸಿದರೆ ಬಾಯಿಯ ರಿಂಗ್ ಕಿತ್ತುಹೋಗುತ್ತೆ. ಬ್ಯಾರೆಲ್ ಬಿಚ್ಚಿ. ಬೋಲ್ಟ್ ಮುಂದಿನ ಸ್ಥಿತಿಯಲ್ಲಿರಲಿ, ಕಾಕ್ ಆಗಿದ್ದಾಗ ಬಿಚ್ಚಿದರೆ ಸ್ಪ್ರಿಂಗ್ ಎದುರು ಗೋಡೆಗೆ ಹಾರುತ್ತೆ.

ಇಂಚಿನ ಅಳತೆಯ ಅಲೆನ್ ಕೀ ಬಳಸಿ. ನಮ್ಮ ಮನೆಗಳಲ್ಲಿರುವ ಮಿಲಿಮೀಟರ್ ಕೀ ಹೊಕ್ಕಂತೆ ಅನಿಸುತ್ತೆ, ಆದರೆ ಸ್ವಲ್ಪ ಸಡಿಲ, ಸ್ಕ್ರೂ ತಲೆ ಸವೆದುಹೋಗುತ್ತೆ. ಸ್ಕ್ರೂಗಳ ಉದ್ದ ಬೇರೆ ಬೇರೆ. ಒಂದು ರಟ್ಟಿನ ಮೇಲೆ ಮಾರ್ಕರ್ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ದೇಹ ಎರಡು ಹೋಳು, ಹಲಸಿನ ಹಣ್ಣು ಬಿಡಿಸಿದ ಹಾಗೆ. ಮೇಲಿನ ಹೋಳನ್ನು ನಿಧಾನವಾಗಿ, ನೇರವಾಗಿ ಎತ್ತಿ, ಭಾಗಗಳೆಲ್ಲ ಕೆಳಗಿನದರಲ್ಲೇ ಉಳಿಯಲಿ. ಮುಟ್ಟುವ ಮೊದಲು ಒಂದು ಫೋಟೋ. ಡ್ರೈವ್ ಸ್ಪ್ರಿಂಗ್ ಮತ್ತು ಅದರ ಗೈಡ್ ಪಿನ್ ಬಿಗಿತದಲ್ಲಿ ಕೂತಿರುತ್ತವೆ, ಹಿಂದಿನ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ಬಿಡಿಸಿ. ಸಿಯರ್ ಸ್ಪ್ರಿಂಗ್ ಎಲ್ಲಕ್ಕಿಂತ ಚಿಕ್ಕದು, ಕಳೆದುಹೋಗುವುದು ಅದೇ. ದೊಡ್ಡ ತಟ್ಟೆಯೊಳಗೆ ಅಥವಾ ಬಿಳಿ ಟವೆಲ್ ಮೇಲೆ ಕೆಲಸ ಮಾಡಿ.

ಒಡೆದ ಬಾಲ್‌ನ ಬಣ್ಣ ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ಸಿಪ್ಪೆ ಜೆಲಟಿನ್, ಒಳಗಿನದು ನೀರಲ್ಲಿ ಕರಗುವಂಥದ್ದು. ಪೆಟ್ರೋಲ್, ಥಿನ್ನರ್ ಬೇಡ. ತೊಳೆದ ತಕ್ಷಣ ಒರೆಸಿ, ಉಕ್ಕಿನ ಭಾಗಗಳಿಗೆ ಒಂದು ರಾತ್ರಿ ಸಾಕು ತುಕ್ಕು ಹಿಡಿಯಲು.

ಹೊಸ ರಿಂಗನ್ನು 98ರ ಬಿಡಿಭಾಗ ಕಿಟ್‌ನಿಂದಲೇ ಹಾಕಿ. ಹಳೆಯದನ್ನು ಅಳೆದು ಅದೇ ಅಳತೆಯದು ತಂದರೆ ತಪ್ಪುತ್ತೀರಿ, ಊದಿದ ರಿಂಗ್ ಸುಳ್ಳು ಅಳತೆ ಕೊಡುತ್ತೆ. ಪೇಂಟ್‌ಬಾಲ್ ಎಣ್ಣೆ ಎರಡು ಹನಿ ರಿಂಗ್ ಮೇಲೆ ಸವರಿ.

ಧಾರವಾಡದಾಕಿ

ಒಳಗ ಟ್ರಿಗರ್‌ಗೆ ಸಣ್ಣ ನಳಿಗಿ ಬಂದು ಸೇರಿದ್ರ ಅದು ರೆಸ್ಪಾನ್ಸ್ ಟ್ರಿಗರ್ ಕಿಟ್. ಶಾಟ್‌ನ ಗ್ಯಾಸ್‌ನಿಂದನ ಟ್ರಿಗರ್ ಮುಂದಕ್ಕ ತಳ್ಳೂ ವ್ಯವಸ್ಥಾ. ಅದರ ಹರಿವಿನ ಸ್ಕ್ರೂ ಜಾಸ್ತಿ ತೆರದಿದ್ರ ಮಾರ್ಕರ್ ತಾನ ಓಡ್ತೈತಿ. ಮೊದಲ ಅದನ್ನ ಪೂರ್ತಿ ಮುಚ್ಚಿ ನೋಡ್ರಿ.

ಹೊಸಬ_ಮಿಚಿಗನ್

ಬಿಚ್ಚಿದೆ. ಆ ನಳಿಗೆ ಇಲ್ಲ. ಹಿಂದಿನ ಬೋಲ್ಟ್ ಮೇಲೆ ಕಂಪನಿಯ ರಿಂಗ್ ಅಲ್ಲ, ದಪ್ಪಗಿನ ಮೆತ್ತನೆ ಕಪ್ಪು ರಿಂಗ್ ಇದೆ, ಮೇಲೆ ಅಂಟು. ಪವರ್ ಟ್ಯೂಬ್ ಒಳಗೂ ಕಂದು ಪದರ. ಸಿಯರ್ ಅಂಚು ಚೂಪಾಗಿದೆ, ತಟ್ಟಿದರೂ ಬಿಡಲಿಲ್ಲ. ಬಾಲ್ ಲ್ಯಾಚ್ ಅರ್ಧ ಹರಿದಿದೆ. ಡ್ರೈವ್ ಸ್ಪ್ರಿಂಗ್ ನೇರವಾಗಿದೆ.

ಪೀಣ್ಯ_ಟರ್ನರ್

ಎಲ್ಲ ಸಿಕ್ಕಿತು. ಟ್ಯೂಬನ್ನ ಬಟ್ಟೆ ಸುತ್ತಿದ ಮರದ ಕಡ್ಡಿಯಿಂದ, ಸೋಪು ನೀರಲ್ಲಿ ತಿಕ್ಕಿ. ಮರಳು ಕಾಗದ, ಲೋಹದ ಬ್ರಷ್ ಬೇಡ. ಒಂದು ಗೆರೆ ಬಿದ್ದರೂ ಆ ಗೆರೆ ಹಿಡಿದು ಗ್ಯಾಸ್ ಸೋರುತ್ತೆ, ಹೊಸ ರಿಂಗ್ ಏನೂ ಮಾಡಕ್ಕಾಗಲ್ಲ.

ರೆಸಾರ್ಟ್_ತಂತ್ರಜ್ಞ

ಬಾಲ್ ಒಡೆಯೋದಕ್ಕೆ ಕಾರಣ ಆ ಲ್ಯಾಚ್. ಒಂದು ಬಾಲ್ ಒಳಗೆ ಬಿದ್ದಾಗ ಅದು ಮುಂದಕ್ಕೆ ಉರುಳಿ ಹೋಗದ ಹಾಗೆ ತಡೆಯೋ ರಬ್ಬರ್ ನಾಲಿಗೆ ಅದು. ಹರಿದ್ರೆ ಮೊದಲನೇದು ಬ್ಯಾರೆಲ್ ಒಳಕ್ಕೆ ಉರುಳುತ್ತೆ, ಹಾಪರ್‌ನಿಂದ ಎರಡನೇದು ಅರ್ಧ ಇಳಿದಿರುತ್ತೆ, ಬೋಲ್ಟ್ ಬಂದು ಅದನ್ನ ಕತ್ತರಿಸುತ್ತೆ. ಹೊಸದನ್ನ ಹಾಕುವಾಗ ನಾಲಿಗೆ ಬಾಲ್ ಬರೋ ದಾರಿಗೆ ಚಾಚಿರಲಿ. ಎರಡು ಹೋಳು ಮುಚ್ಚುವಾಗ ಮಧ್ಯೆ ಸಿಕ್ಕಿ ಚಪ್ಪಟೆ ಆಗೋದು ಇದೇ, ನೋಡಿಕೊಂಡು ಮುಚ್ಚಿ.

ಸಾದಾ ಹಾಪರ್‌ನಲ್ಲಿ ಬಾಲ್ ತಮ್ಮ ಭಾರಕ್ಕೆ ತಾವು ಇಳಿಯಬೇಕು. ಅದಕ್ಕಿಂತ ಬೇಗ ಟ್ರಿಗರ್ ಎಳೆದ್ರೆ ಎಂಥ ಲ್ಯಾಚ್ ಇದ್ರೂ ಒಡೆಯುತ್ತೆ. ಆಗಾಗ ಮಾರ್ಕರ್ ಅಲುಗಿಸಿ.

ಕ್ರೋನೋ_285

ಬಾಲ್‌ಗಳನ್ನೂ ಪರೀಕ್ಷಿಸಿ. ಹೆಸರಿಗೆ 0.68 ಇಂಚು, ಅಂದರೆ 17.3 ಮಿ.ಮೀ.; ನಿಜದಲ್ಲಿ ಹೆಚ್ಚು ಕಡಿಮೆ ಇರುತ್ತದೆ, ತೇವ ಕುಡಿದರೆ ಊದುತ್ತವೆ. ಬ್ಯಾರೆಲ್ ಬಿಚ್ಚಿ ಹಿಂಬದಿಯಿಂದ ಒಂದು ಬಾಲ್ ಹಾಕಿ. ತಾನಾಗಿ ಉರುಳಿ ಹೊರಬಿದ್ದರೆ ಸಡಿಲ. ಗ್ಯಾಸ್ ಸುತ್ತ ಸೋರಿ ವೇಗ ಏರಿಳಿಯುತ್ತದೆ. ಬಾಯಲ್ಲಿ ಜೋರಾಗಿ ಊದಿದರೂ ಹೋಗದಿದ್ದರೆ ಬಿಗಿ, ಒಡೆಯುತ್ತದೆ. ನಿಂತು, ಸಾಧಾರಣವಾಗಿ ಊದಿದರೆ ಹೊರಬಂದರೆ ಸರಿ. ಗುಳಿ ಬಿದ್ದದ್ದು, ಮೊಟ್ಟೆಯಾಕಾರದ್ದು ಎಲ್ಲ ಕಸಕ್ಕೆ. ಮಾರ್ಕರ್ ಜೊತೆ ಪುಕ್ಕಟೆ ಸಿಕ್ಕ ಹಳೆಯ ಚೀಲ ಇದ್ದರೆ ಅದನ್ನಿಟ್ಟು ಮಾರ್ಕರ್‌ನ ತಪ್ಪು ಹುಡುಕಬೇಡಿ, ದಾರಿ ತಪ್ಪುತ್ತದೆ.

ಹೊಸಬ_ಮಿಚಿಗನ್

ಹೊಸ ರಿಂಗ್, ಹೊಸ ಲ್ಯಾಚ್ ಹಾಕಿದೆ. ಕೈಯಲ್ಲಿ ಬೋಲ್ಟ್ ಬೆಣ್ಣೆಯಂತೆ ಓಡುತ್ತಿತ್ತು. ಆದರೆ ಸ್ಕ್ರೂ ಬಿಗಿ ಮಾಡಿದ ಮೇಲೆ ಮತ್ತೆ ಎಳೆಯುತ್ತೆ. ಲಿಂಕೇಜ್ ಕಡ್ಡಿ ಬಾಗಿದೆಯಾ?

ಬೆಂಚ್‌ವೈಸ್

ಬಿಗಿ ಮಾಡುವ ಮೊದಲು ಓಡುತ್ತಿದ್ದರೆ ಕಡ್ಡಿ ಸರಿಯಿದೆ. ಸ್ಕ್ರೂ ಅತಿಯಾಯಿತು. ಎರಡೂ ಹೋಳು ಅಲ್ಯೂಮಿನಿಯಂ ಎರಕ. ಅತಿ ಬಿಗಿದರೆ ಬೋಲ್ಟ್ ಓಡುವ ಕೊಳವೆ ಸೂಕ್ಷ್ಮವಾಗಿ ಚಪ್ಪಟೆಯಾಗಿ ಬೋಲ್ಟನ್ನು ಹಿಡಿಯುತ್ತೆ. ಎಲ್ಲ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ. ಅಂಚು ಸುತ್ತ ಸಮವಾಗಿ ಕೂತಿದೆಯಾ ನೋಡಿ, ಹೋಳುಗಳ ನಡುವೆ ಎಲ್ಲಾದರೂ ಸಂದು ಕಂಡರೆ ಸಿಯರ್ ಪಿನ್ ಅಥವಾ ಲ್ಯಾಚ್ ತನ್ನ ಗುಳಿಯಲ್ಲಿ ಕೂತಿಲ್ಲ ಅಂತ ಅರ್ಥ, ಮತ್ತೆ ತೆರೆಯಿರಿ. ಸಮವಾಗಿದ್ದರೆ ಮೂಲೆಯಿಂದ ಮೂಲೆಗೆ, ಒಂದೊಂದಕ್ಕೂ ಕಾಲು ಸುತ್ತು ಕೊಡುತ್ತ ಬನ್ನಿ, ಪ್ರತಿ ಸುತ್ತಿನ ನಂತರ ಕಾಕ್ ಮಾಡಿ ನಿಧಾನವಾಗಿ ಬಿಟ್ಟು ನೋಡಿ. ಯಾವ ಸ್ಕ್ರೂ ತಿರುಗಿಸಿದಾಗ ಎಳೆತ ಶುರುವಾಯಿತೋ ಅದನ್ನು ಸ್ವಲ್ಪ ಹಿಂದಕ್ಕೆ ಬಿಡಿ. ಅಲೆನ್ ಕೀಯ ಗಿಡ್ಡ ಕೈ ಹಿಡಿದು ಎರಡು ಬೆರಳಿನ ಬಲ ಸಾಕು. ಕೆಂಪು ಲಾಕ್ ಅಂಟು ಖಂಡಿತ ಬೇಡ, ಮುಂದಿನ ಸಲ ಸ್ಕ್ರೂ ಜೊತೆ ಅಲ್ಯೂಮಿನಿಯಂ ಮರೆಯೂ (ಥ್ರೆಡ್) ಕಿತ್ತುಬರುತ್ತೆ.

ಹೊಸಬ_ಮಿಚಿಗನ್

ಸರಿಹೋಯಿತು, ನೀವು ಹೇಳಿದ್ದೇ. ಹಿಂಬದಿಯ ಒಂದು ಸ್ಕ್ರೂ. ಈಗ ಸಿಲಿಂಡರ್ ಹಾಕಿದ ತಕ್ಷಣ ಬ್ಯಾರೆಲ್‌ನಿಂದ ಬುಸ್ ಅಂತ ಗ್ಯಾಸ್ ಹೋಗುತ್ತೆ. ವಾಲ್ವ್ ಹೋಯಿತಾ?

ಪೀಣ್ಯ_ಟರ್ನರ್

ಕಾಕ್ ಮಾಡದೆ ಸಿಲಿಂಡರ್ ಹಾಕಿದ್ರಾ? ಬೋಲ್ಟ್ ಮುಂದಿದ್ದರೆ ಸ್ಪ್ರಿಂಗ್ ಅದನ್ನ ವಾಲ್ವ್ ಪಿನ್ ಮೇಲೆ ಒತ್ತಿರುತ್ತೆ, ಒತ್ತಡ ಏರೋ ಮೊದಲು ವಾಲ್ವ್ ಮುಚ್ಚಕ್ಕಾಗಲ್ಲ. ಯಾವಾಗಲೂ ಮೊದಲು ಕಾಕ್, ಸೇಫ್ಟಿ ಹಾಕಿ, ಬ್ಯಾರೆಲ್ ಚೀಲ ಇಟ್ಟು, ಆಮೇಲೆ ಸಿಲಿಂಡರ್. ಹಾಗೆ ಮಾಡಿದ ಮೇಲೂ ಬುಸ್ ಅಂದರೆ ಸಿಲಿಂಡರ್ ಬಾಯಿಗೆ ಮೂರು ನಾಲ್ಕು ಹನಿ ಪೇಂಟ್‌ಬಾಲ್ ಎಣ್ಣೆ ಬಿಟ್ಟು, ಬಾಲ್ ಇಲ್ಲದೆ ಹತ್ತಿಪ್ಪತ್ತು ಶಾಟ್ ಹೊಡೆಯಿರಿ, ಒಳಗಿನ ಸೀಲ್ ಕೂರಬಹುದು. ಆಮೇಲೂ ನಿಲ್ಲದಿದ್ದರೆ ವಾಲ್ವ್ ಜೋಡಣೆಯನ್ನೇ ಬದಲಿಸೋದು. ಇದು ಸಿಒ2 ಸಿಲಿಂಡರ್‌ಗೆ ಮಾತ್ರ ಹೇಳಿದ ಮಾತು, ಏರ್ ಬಾಟಲಿ ವಿಷಯ ಬೆಂಚ್‌ವೈಸ್ ಮೇಲೆ ಹೇಳಿದ್ದಾರೆ.

ಹೊಸಬ_ಮಿಚಿಗನ್

ಕಾಕ್ ಮಾಡದೇ ಹಾಕಿದ್ದೆ. ಈಗ ಸೋರಿಕೆ ಇಲ್ಲ. ಸತತ 40 ಶಾಟ್, ಒಂದೂ ಎರಡೆರಡು ಹೊಡೆಯಲಿಲ್ಲ, ಒಂದು ಬಾಲೂ ಒಡೆಯಲಿಲ್ಲ. ವೇಗ ಅಳೆದಿಲ್ಲ.

ಕ್ರೋನೋ_285

ಅಳೆಯದೆ ಯಾರ ಮೇಲೂ ಹೊಡೆಯಬೇಡಿ. ಸೆಕೆಂಡಿಗೆ 300 ಅಡಿ ಮೇಲ್ಮಿತಿ, ಹೆಚ್ಚಿನ ಮೈದಾನಗಳು 280 ಕೇಳುತ್ತವೆ, ಒಳಾಂಗಣದಲ್ಲಿ ಇನ್ನೂ ಕಡಿಮೆ. ಸಿಲಿಂಡರ್ ಬೆಚ್ಚಗಿರುವಾಗಲೇ ಅಳೆಯಿರಿ. ಬೆಳಿಗ್ಗೆ ಚಳಿಯಲ್ಲಿ 280ಕ್ಕೆ ಇಟ್ಟದ್ದು ಮಧ್ಯಾಹ್ನ ಬಿಸಿಲಲ್ಲಿ ಮಿತಿ ದಾಟುತ್ತದೆ. ಮೇಲೆ ಕೊಟ್ಟ ಒತ್ತಡದ ಅಂಕಿಗಳನ್ನು ನೋಡಿದರೆ ಯಾಕೆಂದು ತಿಳಿಯುತ್ತದೆ. ಪಕ್ಕದಲ್ಲಿರುವ ವೇಗದ ಸ್ಕ್ರೂ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಗ್ಯಾಸ್ ದಾರಿ ಕಿರಿದಾಗಿ ವೇಗ ಇಳಿಯುತ್ತದೆ, ವಿರುದ್ಧ ದಿಕ್ಕಿಗೆ ಏರುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ನಂತರ ಐದು ಶಾಟ್. ಸ್ಕ್ರೂ ತಲೆ ದೇಹದ ಮಟ್ಟಕ್ಕಿಂತ ಹೊರಬರುವಷ್ಟು ಬಿಡಬೇಡಿ.

ಐದು ಶಾಟ್‌ಗಳ ನಡುವೆ ಹತ್ತು ಹದಿನೈದು ಅಡಿ ವ್ಯತ್ಯಾಸ ಇದ್ದರೆ ಸಿಒ2 ಮಾರ್ಕರ್‌ಗೆ ಒಳ್ಳೆಯದೇ. ನಲವತ್ತು ಐವತ್ತು ಏರಿಳಿದರೆ, ಬ್ಯಾರೆಲ್‌ನಿಂದ ಬಿಳಿ ಹೊಗೆ ಬಂದರೆ, ದ್ರವ ಸಿಒ2 ಒಳಗೆ ಹೋಗುತ್ತಿದೆ. ಮಾರ್ಕರ್ ಮೂತಿ ಕೆಳಗೆ ಮಾಡಿ ಹಿಡಿದರೆ ಸಿಲಿಂಡರ್ ಬಾಯಿಗೆ ದ್ರವ ಬರುತ್ತದೆ. ಅದು ಓ-ರಿಂಗ್‌ಗಳನ್ನು ಹೆಪ್ಪುಗಟ್ಟಿಸಿ ನಿಮ್ಮ ಹೊಸ ರಿಂಗನ್ನೂ ಹಾಳುಮಾಡುತ್ತದೆ.

ಧಾರವಾಡದಾಕಿ

ಇದನ್ನ ಹೇಳದ ಬಿಡಾಕ ಆಗೂದಿಲ್ಲ. ಸೆಕೆಂಡ್‌ಹ್ಯಾಂಡ್ ಸಿಲಿಂಡರ್ ಅಂದಮ್ಯಾಲೆ ಹಿತ್ತಾಳಿ ವಾಲ್ವ್ ಮತ್ತ ಸಿಲಿಂಡರ್ ಕೂಡೂ ಜಾಗಾ ನೋಡ್ರಿ. ಮಾರ್ಕರ್‌ನಿಂದ ಸಿಲಿಂಡರ್ ತಿರುವಿದಾಗ ವಾಲ್ವ್ ಮಾರ್ಕರ್‌ನ್ಯಾಗ ಉಳದು, ಸಿಲಿಂಡರ್ ಮಾತ್ರ ವಾಲ್ವ್‌ನಿಂದ ಬಿಚ್ಚಿಕೊಂಡು ಬಂದ್ರ ಅದು ರಾಕೆಟ್‌ನಂಗ ಹಾರ್ತೈತಿ. ಅಮೆರಿಕಾದಾಗ ಇದರಿಂದ ಜೀವ ಹೋಗ್ಯಾವ. ಉಗುರಿಗೆ ಹಚ್ಚೂ ಬಣ್ಣದಿಂದ ವಾಲ್ವ್ ಮ್ಯಾಲಿಂದ ಸಿಲಿಂಡರ್ ಮ್ಯಾಲೆ ಒಂದು ನೇರ ಗೆರಿ ಎಳೀರಿ. ಸಿಲಿಂಡರ್ ತೆಗಿಯೂವಾಗ ವಾಲ್ವ್ ಮತ್ತ ಸಿಲಿಂಡರ್ ಎರಡೂ ಕೂಡೇ ತಿರಗಬೇಕು. ಗೆರಿ ಮುರದಂಗ ಕಂಡ್ರ ಅಲ್ಲೇ ನಿಲ್ಲಿಸಿ, ಮತ್ತ ತಿರುವಬ್ಯಾಡ್ರಿ, ಸಿಲಿಂಡರ್ ಕೆಲಸ ಗೊತ್ತಿದ್ದವರ ಹತ್ತರ ಒಯ್ಯಿರಿ. ಈ ವಾಲ್ವನ್ನ ಯಾರಾರ ಮನ್ಯಾಗ ಬದಲಿ ಮಾಡ್ಯಾರೇನು ಅಂತ ಮಾರಿದವರನ್ನ ಕೇಳ್ರಿ.

ಹೊಸಬ_ಮಿಚಿಗನ್

ಕೇಳಿದೆ, ಬದಲಿಸಿಲ್ಲವಂತೆ. ಆದರೂ ನಾಳೆ ತುಂಬಿಸುವ ಅಂಗಡಿಯಲ್ಲಿ ತೋರಿಸಿ, ಅವರ ಎದುರೇ ಗೆರೆ ಎಳೆಯುತ್ತೇನೆ. ಮೈದಾನದ ಕ್ರೋನೋದಲ್ಲಿ (ಬಾಲ್ ವೇಗ ಅಳೆಯುವ ಯಂತ್ರ) ಅಳೆದು ಅಂಕಿ ಹಾಕುತ್ತೇನೆ.

ಹೊಸಬ_ಮಿಚಿಗನ್

ವಾಲ್ವ್ ಬಿಗಿ ಸರಿಯಿದೆ ಅಂದರು, ಗೆರೆ ಎಳೆದಾಗಿದೆ. 18 ಡಿಗ್ರಿ ಬಿಸಿಲಲ್ಲಿ ಮೊದಲು 306 ಬಂತು. ಸ್ಕ್ರೂ ಮುಕ್ಕಾಲು ಸುತ್ತು ಒಳಗೆ ಹಾಕಿದ ಮೇಲೆ ಐದು ಶಾಟ್: 274, 279, 271, 277, 275.

ಕ್ರೋನೋ_285

ಅಲ್ಲೇ ಬಿಡಿ. ಊಟದ ನಂತರ ಮತ್ತೊಮ್ಮೆ ಅಳೆಯಿರಿ.